ರೆಸ್ಕ್ಯೂ ಡೈವರ್ ಕೋರ್ಸ್ ಮಾಡಬೇಕಾ? ಎಲ್ಲಿ ಸುಸ್ತಾಗುತ್ತೀರಿ, ಏನು ಸಿಗುತ್ತದೆ

ಸ್ಕೂಬಾ ಕಲಿತು ಒಂದಷ್ಟು ಸಲ ನೀರಿಗಿಳಿದ ಮೇಲೆ ಎಲ್ಲರಿಗೂ ಮುಂದೇನು ಅನ್ನುವ ಪ್ರಶ್ನೆ ಬರುತ್ತದೆ. ಇನ್ನೂ ಆಳಕ್ಕೆ ಹೋಗುವುದಾ, ರಾತ್ರಿ ಡೈವ್ ಮಾಡುವುದಾ, ಕ್ಯಾಮೆರಾ ಹಿಡಿಯುವುದಾ? ನನ್ನನ್ನು ಕೇಳಿದರೆ ಅದೆಲ್ಲ ಆಮೇಲೆ. ಮೊದಲು ರೆಸ್ಕ್ಯೂ ಕೋರ್ಸ್, ಅಂದರೆ ತೊಂದರೆಗೆ ಸಿಕ್ಕಿದ ಡೈವರನ್ನು ಕಾಪಾಡುವ ಕೋರ್ಸ್, ಮಾಡಿ. ಅಲ್ಲಿಯವರೆಗೆ ಕಲಿತದ್ದೆಲ್ಲ ನಿಮ್ಮ ಉಸಿರು, ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ನಿಮ್ಮ ಗೇಜ್, ನಿಮ್ಮ ತೇಲಾಟದ ಬಗ್ಗೆ. ಪಕ್ಕದಲ್ಲಿರುವವರು ಹೇಗಿದ್ದಾರೆ ಅಂತ ತಿರುಗಿ ನೋಡುವುದನ್ನು ಕಲಿಸುವುದು ಇಲ್ಲಿ.

ಕಷ್ಟ ಇದೆಯಾ? ಇದೆ. ಉಪ್ಪು ನೀರು ಕುಡಿಯುತ್ತೀರಿ, ತೋಳು ಸೋಲುತ್ತದೆ, ಇನ್‌ಸ್ಟ್ರಕ್ಟರ್ ಬೇಕಂತಲೇ ನಿಮ್ಮ ಮಾಸ್ಕ್ ಕೀಳುತ್ತಾರೆ. ಆದರೂ ಕೋರ್ಸ್ ಮುಗಿಸಿದವರನ್ನು ಕೇಳಿ ನೋಡಿ, ಬಹಳಷ್ಟು ಜನ ಇದೇ ಅತ್ಯಂತ ಉಪಯೋಗಕ್ಕೆ ಬಂದ ಕೋರ್ಸ್ ಅನ್ನುತ್ತಾರೆ. ಯಾಕೆ ಅಂತ ಹಂತ ಹಂತವಾಗಿ ನೋಡೋಣ.

ಸೇರುವ ಮೊದಲು

ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯಲ್ಲಿ ಇದನ್ನು ರೆಸ್ಕ್ಯೂ ಡೈವರ್ ಅಂತಲೇ ಕರೆಯುತ್ತಾರೆ. ಅಂಥದ್ದೇ ಇನ್ನೊಂದು ಸಂಸ್ಥೆಯಾದ ಎಸ್‌ಎಸ್‌ಐನಲ್ಲಿ ಡೈವರ್ ಸ್ಟ್ರೆಸ್ ಅಂಡ್ ರೆಸ್ಕ್ಯೂ ಅನ್ನುವ ಹೆಸರಿದೆ. ಹೆಸರು ಬೇರೆಯಾದರೂ ಒಳಗಿನ ವಿಷಯ ಹೆಚ್ಚುಕಡಿಮೆ ಒಂದೇ. ಪಾಡಿಯಲ್ಲಿ ಸೇರಲು ಕನಿಷ್ಠ 12 ವರ್ಷ ಆಗಿರಬೇಕು, ಅಡ್ವೆಂಚರ್ ಡೈವರ್ ಮಟ್ಟ ಮುಗಿದಿರಬೇಕು, ದಿಕ್ಸೂಚಿ ಹಿಡಿದು ನೀರೊಳಗೆ ದಾರಿ ಕಂಡುಕೊಳ್ಳುವ ಡೈವ್ ಕೂಡ ಮಾಡಿರಬೇಕು. ಜೊತೆಗೆ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಎದೆ ಒತ್ತಿ, ಬಾಯಿಗೆ ಊದಿ ಜೀವ ಉಳಿಸುವುದು) ತರಬೇತಿ ಕಳೆದ 24 ತಿಂಗಳೊಳಗೆ ಆಗಿರಬೇಕು. ಆಗಿಲ್ಲದಿದ್ದರೆ ಹೆಚ್ಚಿನ ಕಡೆ ಎರಡನ್ನೂ ಒಟ್ಟಿಗೇ ಮಾಡಿಸುತ್ತಾರೆ. ಒಟ್ಟು ಸಾಮಾನ್ಯವಾಗಿ 3ರಿಂದ 4 ದಿನ ಹಿಡಿಯುತ್ತದೆ.

ಇವು ಕಾಗದದ ಮೇಲಿನ ಅರ್ಹತೆಗಳು. ನಿಜವಾದ ಅರ್ಹತೆ ಬೇರೆಯೇ ಇದೆ: ನಿಮ್ಮ ತೇಲಾಟ ನಿಮ್ಮ ಹಿಡಿತದಲ್ಲಿರಬೇಕು. ಏನನ್ನೂ ಹಿಡಿದುಕೊಳ್ಳದೆ, ಮೇಲೂ ಹೋಗದೆ ಕೆಳಗೂ ಇಳಿಯದೆ ಒಂದೆರಡು ನಿಮಿಷ ನಿಲ್ಲಲು ಬರದಿದ್ದರೆ, ಇನ್ನೊಬ್ಬರನ್ನು ಹಿಡಿದುಕೊಂಡು ಮೇಲೆ ಬರುವುದು ಹೇಗೆ? ಅಂಥವರು ಮೊದಲು ನಾಲ್ಕಾರು ಸಾದಾ ಡೈವ್ ಮಾಡಿಕೊಂಡು ಬರುವುದು ಒಳ್ಳೆಯದು. ದೇಹವನ್ನೂ ಸ್ವಲ್ಪ ಅಣಿಗೊಳಿಸಿ. ಪೈಲ್ವಾನರಾಗಬೇಕಿಲ್ಲ, ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿಕೊಂಡು ನಿಲ್ಲದೆ ಸ್ವಲ್ಪ ದೂರ ಈಜುವ ದಮ್ಮು ಇದ್ದರೆ ಸಾಕು. ವೈದ್ಯಕೀಯ ಪ್ರಶ್ನಾವಳಿ ತುಂಬಿಸುವಾಗ ಸುಳ್ಳು ಹೇಳಬೇಡಿ. ಆಸ್ತಮಾ, ಹೃದಯದ ತೊಂದರೆ, ಕಿವಿಯ ತೊಂದರೆ ಏನಿದ್ದರೂ ಬರೆಯಿರಿ, ಡಾಕ್ಟರ್ ಸರಿ ಅಂದ ಮೇಲೆ ಇಳಿಯಿರಿ.

ಕೋರ್ಸ್ ಆರಿಸುವಾಗ ದುಡ್ಡಿನ ಲೆಕ್ಕಕ್ಕಿಂತ ಮೊದಲು ಕೆಲವು ಪ್ರಶ್ನೆ ಕೇಳಿ. ಒಂದು ತಂಡದಲ್ಲಿ ಎಷ್ಟು ಜನ? ಪ್ರತಿ ಅಭ್ಯಾಸವನ್ನೂ ಎಷ್ಟು ಸಲ ಮಾಡಿಸುತ್ತೀರಿ? ಕೊನೆಯ ಪರೀಕ್ಷೆಯಂಥ ಸನ್ನಿವೇಶ ಮೊದಲೇ ಹೇಳಿ ಮಾಡಿಸುತ್ತೀರಾ, ಹೇಳದೆಯಾ? "ಎರಡೇ ದಿನದಲ್ಲಿ ಆರಾಮಾಗಿ ಮುಗಿಸಿಬಿಡೋಣ" ಅನ್ನುವ ಕಡೆ ಸೇರಬೇಡಿ. ಆರಾಮಾಗಿ ಮುಗಿದರೆ ಏನೂ ಕಲಿತಿಲ್ಲ ಅಂತಲೇ ಅರ್ಥ.

ಮೊದಲ ಪಾಠ: ನೀವೇ ಮುಳುಗಬೇಡಿ

ಶುರುವಾಗುವುದು ನಿಮ್ಮಿಂದಲೇ. ಕಾಲು ಸೆಡೆತುಕೊಂಡರೆ ಬಿಡಿಸಿಕೊಳ್ಳುವುದು, ಮೇಲ್ಮೈಯಲ್ಲಿ ಬಿಸಿಡಿಗೆ (ಗಾಳಿ ತುಂಬಿದರೆ ತೇಲಿಸುವ ಜಾಕೆಟ್‌ಗೆ) ಗಾಳಿ ತುಂಬಿ ತೇಲುವುದು, ಗಾಳಿ ಮುಗಿದರೆ ಜೊತೆಗಾರರ ಹೆಚ್ಚುವರಿ ರೆಗ್ಯುಲೇಟರ್ (ಬಾಯಲ್ಲಿಟ್ಟು ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ತೆಗೆದುಕೊಳ್ಳುವುದು, ತಲೆ ಸುತ್ತಿದರೆ ಏನನ್ನಾದರೂ ಹಿಡಿದು ನಿಲ್ಲುವುದು. ಹಳೆಯ ಪಾಠಗಳೇ, ಬೇಗ ಮುಗಿಯುತ್ತವೆ.

ಇದರ ಜೊತೆ ಬರುವ ಒಂದು ಅಭ್ಯಾಸ ಮಾತ್ರ ಕೋರ್ಸ್ ಪೂರ್ತಿ ನಿಮ್ಮ ಬೆನ್ನು ಬಿಡುವುದಿಲ್ಲ: ನಿಲ್ಲಿ, ಉಸಿರಾಡಿ, ಯೋಚಿಸಿ, ಆಮೇಲೆ ಮಾಡಿ. ಹೇಳುವುದು ಸುಲಭ. ಕೂಗು ಕೇಳಿದ ತಕ್ಷಣ ನೀರಿಗೆ ಹಾರುವುದು ಮನುಷ್ಯನ ಸಹಜ ಗುಣ, ಅದನ್ನು ಅದುಮಿ ಎರಡು ಉಸಿರು ತೆಗೆದುಕೊಳ್ಳುವುದೇ ಕಷ್ಟ. ಕಾಪಾಡಲು ಹೋದವರೇ ಮುಳುಗಿದರೆ ಕಾಪಾಡಬೇಕಾದವರು ಒಬ್ಬರ ಬದಲು ಇಬ್ಬರಾಗುತ್ತಾರೆ, ಅಷ್ಟೇ. ಹಾಗಾಗಿ ಹಗ್ಗ ಎಸೆದರೆ ಆಗುವ ಕೆಲಸಕ್ಕೆ ನೀರಿಗೆ ಇಳಿಯಬೇಡಿ. ಕೈ ಚಾಚಿದರೆ, ಕೋಲು ಕೊಟ್ಟರೆ, ತೇಲುವ ಬಳೆ ಎಸೆದರೆ ಮುಗಿಯುತ್ತದಾ ನೋಡಿ. ಈಜಿಕೊಂಡು ಹೋಗುವುದು ಕೊನೆಯ ದಾರಿ.

ಸುಸ್ತಾದ ಡೈವರನ್ನು ಎಳೆದು ತರುವುದು ಇದರ ನಂತರದ್ದು, ಅದರಲ್ಲಿ ಅಂಥ ಕಷ್ಟವಿಲ್ಲ. ಅವರು ನಿಮ್ಮ ಮಾತು ಕೇಳುತ್ತಾರೆ. ಬಿಸಿಡಿ ಉಬ್ಬಿಸಲು ಹೇಳಿ, ಬೇಕಾದರೆ ಸೊಂಟದ ಸೀಸದ ತೂಕ ಕಳಚಲು ಹೇಳಿ, ಸಿಲಿಂಡರ್‌ನ ವಾಲ್ವ್ ಹಿಡಿದು ಎಳೆಯಿರಿ ಅಥವಾ ಅವರ ಕಾಲನ್ನು ನಿಮ್ಮ ಭುಜದ ಮೇಲಿಟ್ಟುಕೊಂಡು ತಳ್ಳಿ. ಮಾತಾಡುತ್ತಾ ಇರಿ. ಮುಖ ನೋಡಿಕೊಂಡು ತಳ್ಳುವಾಗ ಮಾತಾಡುವುದು ಸುಲಭ.

ಗಾಬರಿಯಾದವರು: ನಿಜವಾದ ಪರೀಕ್ಷೆ

ಗಾಬರಿಯಾದ ಡೈವರ್ ನೋಡಿದ ತಕ್ಷಣ ಗೊತ್ತಾಗುತ್ತಾರೆ. ಮಾಸ್ಕ್ ಹಣೆಗೆ ಏರಿರುತ್ತದೆ. ರೆಗ್ಯುಲೇಟರ್ ಉಗುಳಿರುತ್ತಾರೆ. ಕಣ್ಣು ಅಗಲವಾಗಿರುತ್ತದೆ, ಆದರೆ ನಿಮ್ಮನ್ನು ನೋಡುತ್ತಿರುವುದಿಲ್ಲ. ಎರಡೂ ಕೈ ಏಣಿ ಹತ್ತುವವರ ಹಾಗೆ ನೀರನ್ನು ಕೆಳಕ್ಕೆ ತಳ್ಳುತ್ತಿರುತ್ತವೆ. ಬಿಸಿಡಿಯಲ್ಲಿ ಗಾಳಿ ಇಲ್ಲ, ಬೆನ್ನ ಮೇಲೆ ಸಿಲಿಂಡರ್ ಇದೆ, ಸೊಂಟದಲ್ಲಿ ಸೀಸದ ತೂಕ ಇದೆ, ಇದೆಲ್ಲವನ್ನೂ ಬರೀ ಕಾಲಿನ ಬಲದಿಂದ ಮೇಲೆ ಹಿಡಿದುಕೊಳ್ಳಲು ಒದ್ದಾಡುತ್ತಿದ್ದಾರೆ. ಎದೆಯ ಹತ್ತಿರ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಗಾಬರಿಯಲ್ಲಿ ಆ ಗುಂಡಿ ನೆನಪಾಗುವುದೇ ಇಲ್ಲ.

ನೇರವಾಗಿ ಮುಂದಿನಿಂದ ಹೋದಿರೋ, ನಿಮ್ಮ ತಲೆಯನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಆದ್ದರಿಂದ ಕೈಗೆ ಸಿಗದಷ್ಟು ದೂರದಲ್ಲಿ ನಿಲ್ಲಿ. ನಿಮ್ಮ ರೆಗ್ಯುಲೇಟರ್ ಬಾಯಲ್ಲಿ ಅಥವಾ ಕೈಗೆಟಕುವಲ್ಲಿ ತಯಾರಾಗಿರಲಿ. ಜೋರಾಗಿ, ಚಿಕ್ಕ ಮಾತಲ್ಲಿ ಹೇಳಿ: "ಬಿಸಿಡಿ ಉಬ್ಬಿಸಿ! ತೂಕ ಬಿಡಿ!" ಕೆಲವೊಮ್ಮೆ ಇಷ್ಟಕ್ಕೇ ಕೆಲಸ ಆಗುತ್ತದೆ.

ಆಗದಿದ್ದರೆ ಹಿಂದಿನಿಂದ ಹೋಗಬೇಕು. ರೆಗ್ಯುಲೇಟರ್ ಬಾಯಿಗಿಟ್ಟು ಒಂದೆರಡು ಮೀಟರ್ ಕೆಳಗಿಳಿದು, ಅವರ ಕಾಲಿನ ಒದೆತ ತಪ್ಪಿಸಿಕೊಂಡು ಸುತ್ತು ಹಾಕಿ, ಬೆನ್ನ ಹಿಂದೆ ಮೇಲೇಳಿ. ಒಂದು ಕೈಯಲ್ಲಿ ಸಿಲಿಂಡರ್‌ನ ವಾಲ್ವ್ ಹಿಡಿಯಿರಿ, ಎರಡು ಮೊಣಕಾಲ ನಡುವೆ ಸಿಲಿಂಡರನ್ನು ಗಟ್ಟಿಯಾಗಿ ಸಿಕ್ಕಿಸಿಕೊಳ್ಳಿ. ಈಗ ಅವರು ಎಷ್ಟು ತಿರುಗಿದರೂ ನೀವೂ ಜೊತೆಗೇ ತಿರುಗುತ್ತೀರಿ, ಅವರ ಕೈ ನಿಮಗೆ ತಾಗುವುದಿಲ್ಲ. ಇನ್ನೊಂದು ಕೈಯನ್ನು ಅವರ ಎಡ ಭುಜದ ಮೇಲಿಂದ ತಂದು ಇನ್‌ಫ್ಲೇಟರ್ ಗುಂಡಿ ಒತ್ತಿ. ಬಿಸಿಡಿ ಉಬ್ಬಿ ಅವರ ಗಲ್ಲ ನೀರಿನಿಂದ ಮೇಲೆ ಬರುತ್ತದೆ. ಒದ್ದಾಟ ಒಂದೇ ಸಲ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಹಿಡಿದಿರಿ.

ಅವರು ನಿಮ್ಮನ್ನು ತಬ್ಬಿ ಹಿಡಿದೇಬಿಟ್ಟರೆ? ಜಗ್ಗಾಡಬೇಡಿ. ರೆಗ್ಯುಲೇಟರ್ ಬಾಯಿಗಿಟ್ಟು ಕೆಳಗೆ ಹೋಗಿ. ಅವರಿಗೆ ಬೇಕಾಗಿರುವುದು ಮೇಲಿನ ಗಾಳಿ. ನೀವು ಮುಳುಗಿದ ಕೂಡಲೇ ಕೈ ಬಿಡುತ್ತಾರೆ. ಬರೆದದ್ದನ್ನು ಓದುವಾಗ ಇದು ಸರಳವಾಗಿದೆ ಅಲ್ವಾ? ಎಂಬತ್ತು ಕೆಜಿಯ ಇನ್‌ಸ್ಟ್ರಕ್ಟರ್ ನಿಮ್ಮ ಕುತ್ತಿಗೆ ಹಿಡಿದು ಕಿರುಚುತ್ತಿರುವಾಗ, ಮೇಲಕ್ಕೆ ಹೋಗಬೇಕು ಅಂತ ಮೈಯೆಲ್ಲ ಹೇಳುತ್ತಿರುವಾಗ, ಕೆಳಗೆ ಹೋಗುವ ನಿರ್ಧಾರ ಮಾಡಬೇಕು. ಇದಕ್ಕೆ ಪುಸ್ತಕ ಓದಿದರೆ ಸಾಲದು. ಸಾಕು ಅನ್ನಿಸುವಷ್ಟು ಸಲ ಮಾಡಿಸಿ ಅಂತ ಇನ್‌ಸ್ಟ್ರಕ್ಟರ್‌ಗೆ ನೀವೇ ಹೇಳಿ.

ಕಾಣೆಯಾದವರನ್ನು ಹುಡುಕುವುದು

ಇಲ್ಲಿ ಈಜಿಗಿಂತ ತಲೆ ಮುಖ್ಯ. ಮೊದಲು ಗಡಿಯಾರ ನೋಡಿ ಸಮಯ ಗುರುತು ಹಾಕಿ. ಜೊತೆಗಿದ್ದವರನ್ನು ಕೂರಿಸಿ ಕೇಳಿ: ಕೊನೆಗೆ ಎಲ್ಲಿ ಕಂಡರು, ಎಷ್ಟು ಆಳ, ಯಾವ ಕಡೆ ಮುಖ, ಎಷ್ಟು ಗಾಳಿ ಉಳಿದಿತ್ತು? ಒಬ್ಬರನ್ನು ಎತ್ತರದ ಜಾಗದಲ್ಲಿ ನಿಲ್ಲಿಸಿ ಗುಳ್ಳೆ ಎಲ್ಲಾದರೂ ಬರುತ್ತಿದೆಯಾ ನೋಡಲು ಹೇಳಿ. ಒಬ್ಬರು ಸಹಾಯಕ್ಕೆ ಫೋನ್ ಅಥವಾ ರೇಡಿಯೋ ಮಾಡಲಿ. ತಲೆ ಎಣಿಸಿ, ದೋಣಿಯ ಶೌಚಾಲಯವನ್ನೂ ನೋಡಿ. ನಗಬೇಡಿ, ಕಾಣೆಯಾದವರು ಅಲ್ಲೇ ಸಿಗುವುದುಂಟು.

ನೀರಿಗಿಳಿದು ಹುಡುಕುವಾಗ ಸುಮ್ನೆ ಅತ್ತಿತ್ತ ಈಜಿದರೆ ಪ್ರಯೋಜನವಿಲ್ಲ, ನೋಡಿದ ಜಾಗವನ್ನೇ ಮತ್ತೆ ನೋಡುತ್ತೀರಿ. ಜಾಗ ಚಿಕ್ಕದು, ನೀರು ಮಬ್ಬು ಅಂದರೆ ಮಧ್ಯದಲ್ಲಿ ಹಗ್ಗ ಕಟ್ಟಿ ಸುತ್ತು ಹಾಕಿ, ಪ್ರತಿ ಸುತ್ತಿಗೂ ಹಗ್ಗ ಉದ್ದ ಮಾಡಿ. ಹಗ್ಗ ಇಲ್ಲದಿದ್ದರೆ ದಿಕ್ಸೂಚಿ ಹಿಡಿದು ಚೌಕ ಹಾಕಿ, ಪ್ರತಿ ಬದಿಯನ್ನೂ ಹಿಂದಿನದಕ್ಕಿಂತ ಉದ್ದ ಮಾಡುತ್ತಾ ಹೋಗಿ. ಕಣ್ಣಿಗೆ ಎಷ್ಟು ದೂರ ಕಾಣುತ್ತದೆ ಅನ್ನುವುದರ ಮೇಲೆ ಸಾಲುಗಳ ನಡುವಿನ ಅಂತರ ಇಟ್ಟುಕೊಳ್ಳಿ. ನಿಮ್ಮ ಗಾಳಿಯ ಮಿತಿ, ಸಮಯದ ಮಿತಿ ಮೀರಬೇಡಿ.

ಪ್ರಜ್ಞೆ ತಪ್ಪಿದವರನ್ನು ಮೇಲೆ ತರುವುದು

ತಳದಲ್ಲಿ ಬಿದ್ದವರು ಸಿಕ್ಕಿದರೆ ಮೊದಲ ನೋಟದಲ್ಲೇ ನೋಡಬೇಕಾದದ್ದು ಒಂದು: ರೆಗ್ಯುಲೇಟರ್ ಬಾಯಲ್ಲಿದೆಯಾ? ಇದ್ದರೆ ಅದನ್ನು ಹಾಗೇ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಮತ್ತೆ ತುರುಕಲು ಹೋಗಿ ಸಮಯ ಕಳೆಯಬೇಡಿ. ಹಿಂದೆ ನಿಂತು, ತಲೆ ಮುಂದಕ್ಕೆ ಬಾಗದಂತೆ ಸಹಜವಾಗಿ ಇರಿಸಿ, ಮೇಲೆ ಹೊರಡಿ.

ಇಲ್ಲಿ ಒಂದು ಭಯ ಎಲ್ಲರಿಗೂ ಇರುತ್ತದೆ, ಶ್ವಾಸಕೋಶ ಒಡೆದರೆ ಅಂತ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟು. ಅಲ್ಲಿರುವ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಎಚ್ಚರವಿದ್ದವರು ಉಸಿರು ಬಿಗಿಹಿಡಿದರೆ ಅಪಾಯ. ಪ್ರಜ್ಞೆ ಇಲ್ಲದವರ ಗಂಟಲು ಸಡಿಲವಾಗಿರುತ್ತದೆ, ತಲೆ ಸರಿಯಾಗಿ ಹಿಡಿದರೆ ಹಿಗ್ಗಿದ ಗಾಳಿ ತಾನೇ ಹೊರಬರುತ್ತದೆ. ಏನಾದರೂ ಅಪಾಯ ಇದ್ದರೂ, ಉಸಿರಿಲ್ಲದವರನ್ನು ನೀರೊಳಗೇ ಇಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಅಪಾಯ.

ಏರುವಾಗ ಅವರ ಬಿಸಿಡಿಯ ತೇಲುವಿಕೆಯನ್ನೇ ಬಳಸುವುದನ್ನು ಹೆಚ್ಚಾಗಿ ಕಲಿಸುತ್ತಾರೆ. ನಿಮ್ಮದರಿಂದ ಗಾಳಿ ಬಿಡುತ್ತಾ ಬನ್ನಿ. ಹಾಗೆ ಮಾಡಿದರೆ ಕೈ ಜಾರಿದರೂ ಅವರು ಮೇಲೆಯೇ ಹೋಗುತ್ತಾರೆ, ನೀವು ರಾಕೆಟ್ಟಿನಂತೆ ಚಿಮ್ಮುವುದಿಲ್ಲ. ತುಂಬಾ ಭಾರ ಅನ್ನಿಸಿದರೆ ಅವರ ತೂಕ ಬಿಚ್ಚಿ. ಕೊನೆಯ ಕೆಲವು ಮೀಟರ್‌ಗಳಲ್ಲಿ ಗಾಳಿ ಬೇಗ ಬೇಗ ಹಿಗ್ಗುತ್ತದೆ. ಮೊದಲ ಪ್ರಯತ್ನದಲ್ಲಿ ಬಹುತೇಕ ಎಲ್ಲರೂ ಅಲ್ಲೇ ಹಿಡಿತ ಕಳೆದುಕೊಳ್ಳುತ್ತಾರೆ.

ಮೇಲ್ಮೈಯಲ್ಲಿ: ಉಸಿರು ಮತ್ತು ಬಕಲ್

ಇಡೀ ಕೋರ್ಸಿನಲ್ಲಿ ಜಾಸ್ತಿ ಜನ ಬೈದುಕೊಳ್ಳುವ ಭಾಗ ಇದು. ಮೇಲೆ ಬಂದಿದ್ದೀರಿ. ಅವರ ಮುಖ ಮೇಲೆ ತಿರುಗಿಸಿ, ಇಬ್ಬರ ಬಿಸಿಡಿಯೂ ಉಬ್ಬಿಸಿ, ಇಬ್ಬರ ತೂಕವನ್ನೂ ಬಿಡಿ, ಸಹಾಯಕ್ಕೆ ಕೂಗಿ. ಮಾಸ್ಕ್ ತೆಗೆಯಿರಿ, ರೆಗ್ಯುಲೇಟರ್ ತೆಗೆಯಿರಿ, ಗಲ್ಲ ಎತ್ತಿ ಉಸಿರಿನ ದಾರಿ ತೆರೆಯಿರಿ. ಹತ್ತು ಸೆಕೆಂಡ್ ನೋಡಿ, ಕೇಳಿ. ಉಸಿರಿಲ್ಲ. ಊದಲು ಶುರು ಮಾಡಿ.

ಆಮೇಲೆ ಲಯ ಹಿಡಿಯಬೇಕು. ಬಹುಕಾಲದಿಂದ ಕಲಿಸುತ್ತಾ ಬಂದಿರುವುದು ಐದು ಸೆಕೆಂಡಿಗೆ ಒಂದು ಉಸಿರು. ಒಂದು, ಎರಡು, ಮೂರು, ನಾಲ್ಕು, ಊದು. ಆ ನಾಲ್ಕು ಸೆಕೆಂಡಿನೊಳಗೆ ಒಂದೇ ಒಂದು ಕೆಲಸ: ಎದೆಯ ಪಟ್ಟಿಯ ಬಕಲ್ ಬಿಚ್ಚಿ. ಊದು. ಸೊಂಟದ ಪಟ್ಟಿ. ಊದು. ಒಂದು ಭುಜದ ಬಕಲ್. ಊದು. ಬಕಲ್ ಅರ್ಧ ಬಿಚ್ಚಿದ್ದರೂ ಎಣಿಕೆ ಮುಗಿಯಿತಾ, ಬಿಟ್ಟು ಊದಲೇಬೇಕು. ಇನ್ನೊಂದು ಕೈ ಪೂರ್ತಿ ಹೊತ್ತು ಅವರ ತಲೆಯ ಕೆಳಗಿದ್ದು ಮುಖದ ಮೇಲೆ ನೀರು ಬರದಂತೆ ನೋಡಿಕೊಳ್ಳುತ್ತಿರುತ್ತದೆ. ಇದೆಲ್ಲದರ ಜೊತೆ ದಂಡೆಯ ಕಡೆ ಕಾಲು ಬಡಿಯುತ್ತಲೇ ಇರಬೇಕು.

ಶುರುವಿನಲ್ಲಿ ಎಲ್ಲರೂ ಎರಡು ತಪ್ಪು ಮಾಡುತ್ತಾರೆ. ಒಂದು, ಗಟ್ಟಿಯಾದ ಬಕಲ್ ಸಿಕ್ಕಿದಾಗ ಹಟಕ್ಕೆ ಬಿದ್ದು ಎಣಿಕೆ ಮರೆಯುವುದು. ಇನ್ನೊಂದು, ಊದುವ ಅವಸರದಲ್ಲಿ ತಲೆಯನ್ನು ನೀರಿಗೆ ಅದ್ದುವುದು. ಎಣಿಕೆಯನ್ನು ಜೋರಾಗಿ ಬಾಯಲ್ಲಿ ಹೇಳಿಕೊಂಡರೆ ಮೊದಲನೆಯದು ತಪ್ಪುತ್ತದೆ. ಊದಲು ಅವರ ಮುಖದ ಮೇಲಿಡುವ ಪಾಕೆಟ್ ಮಾಸ್ಕ್ ಇದ್ದರೆ ಎರಡನೆಯದು ಕಡಿಮೆಯಾಗುತ್ತದೆ, ಅದನ್ನು ಬಿಸಿಡಿ ಜೇಬಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಎಷ್ಟು ಉಸಿರು, ಎಷ್ಟು ದೂರದವರೆಗೆ ಊದುತ್ತಾ ಎಳೆಯಬೇಕು ಅನ್ನುವ ವಿವರ ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ಬದಲಾಗುತ್ತದೆ, ಆಗಾಗ ಪರಿಷ್ಕರಣೆಯೂ ಆಗುತ್ತದೆ. ನಿಮ್ಮ ಇನ್‌ಸ್ಟ್ರಕ್ಟರ್ ಬಳಸುವ ಹೊಸ ಪುಸ್ತಕದಲ್ಲಿ ಇರುವುದನ್ನೇ ಪಾಲಿಸಿ. ಬದಲಾಗದ್ದು ಒಂದಿದೆ: ನೀರಲ್ಲಿ ಎದೆ ಒತ್ತುವುದರಿಂದ ಪ್ರಯೋಜನವಿಲ್ಲ, ಅದಕ್ಕೆ ಬೆನ್ನ ಕೆಳಗೆ ಗಟ್ಟಿ ನೆಲ ಬೇಕು. ಆದ್ದರಿಂದಲೇ ಹೊರಗೆ ತರುವ ಅವಸರ.

ಹೊರಗೆ ತರುವುದಕ್ಕೆ ಒಂದೇ ಸರಿಯಾದ ವಿಧಾನ ಅಂತ ಇಲ್ಲ. ಮರಳಿನ ದಂಡೆಯಾದರೆ ಕಂಕುಳಲ್ಲಿ ಕೈ ಹಾಕಿ ಎಳೆಯಬಹುದು, ಬೆನ್ನ ಮೇಲೆ ಹೊರಬಹುದು. ದೋಣಿಯಾದರೆ ಹಗ್ಗವೋ ಬಲೆಯೋ ಬೇಕಾಗುತ್ತದೆ. ನೀರಲ್ಲಿ ಹಗುರವಾಗಿದ್ದವರು ಹೊರಬರುವ ಗಳಿಗೆಯಲ್ಲಿ ಒಂದೇ ಸಲ ಪೂರ್ತಿ ಭಾರವಾಗುತ್ತಾರೆ. ಚಿಕ್ಕ ಮೈಕಟ್ಟಿನವರು ಇಲ್ಲಿ ಕುಗ್ಗಬೇಕಿಲ್ಲ, ಜನ ಇದ್ದರೆ ಕರೆಯಿರಿ, ಕರೆಯುವುದೂ ಪಾಠದ ಭಾಗವೇ.

ನೆಲಕ್ಕೆ ಬಂದ ಮೇಲೆ ಸಿಪಿಆರ್. ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ, ಮತ್ತೆ ಒತ್ತಿ. ಮುಳುಗಿದವರ ತೊಂದರೆ ಶುರುವಾಗುವುದೇ ಆಮ್ಲಜನಕ ಇಲ್ಲದ್ದರಿಂದ, ಹಾಗಾಗಿ ಊದುವುದನ್ನು ಬಿಟ್ಟು ಬರೀ ಒತ್ತುವುದು ಇವರಿಗೆ ಸಾಲದು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಇದ್ದರೆ ಪ್ಯಾಡ್ ಅಂಟಿಸುವ ಮೊದಲು ಎದೆ ಒರೆಸಿ.

ಆಮ್ಲಜನಕ, ಮತ್ತು "ನನಗೇನೂ ಆಗಿಲ್ಲ" ಅನ್ನುವವರು

ಡೈವ್ ಮುಗಿಸಿ ಬಂದವರಿಗೆ ಕೀಲು ನೋವು, ಜುಮ್ಮೆನ್ನುವುದು, ಚರ್ಮದ ಮೇಲೆ ಗಂಧೆ, ವಿಪರೀತ ಸುಸ್ತು ಕಂಡರೆ ಡಿಕಂಪ್ರೆಷನ್ ತೊಂದರೆ ಇರಬಹುದು. ಮೈಯಲ್ಲಿ ಕರಗಿದ್ದ ಸಾರಜನಕ ಗುಳ್ಳೆಯಾಗಿರುತ್ತದೆ. ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿದರೆ, ಒಂದು ಕಡೆಯ ಕೈಕಾಲು ಸೋತರೆ, ಗಾಳಿಯ ಗುಳ್ಳೆ ಮೆದುಳಿಗೆ ಹೋಗಿರಬಹುದು. ಇವೆರಡನ್ನೂ ಸ್ಥಳದಲ್ಲೇ ಬೇರೆ ಬೇರೆ ಗುರುತಿಸುವ ಅಗತ್ಯ ನಿಮಗಿಲ್ಲ, ಮೊದಲ ಚಿಕಿತ್ಸೆ ಒಂದೇ. ಮಲಗಿಸಿ, ಶುದ್ಧ ಆಮ್ಲಜನಕ ಕೊಡಿ, ವೈದ್ಯಕೀಯ ಸಹಾಯ ಕರೆಸಿ. ಚೀಲವಿರುವ ಮಾಸ್ಕ್ ಆದರೆ ಸಾಮಾನ್ಯವಾಗಿ ನಿಮಿಷಕ್ಕೆ 15 ಲೀಟರ್. ಹತ್ತಿರ ಬೆಂಕಿ, ಸಿಗರೇಟ್, ಎಣ್ಣೆ ಕೈ ಬೇಡ. ಮತ್ತೆ ನೀರಿಗಿಳಿಸಿ ಸರಿ ಮಾಡುವ ಪ್ರಯೋಗವಂತೂ ಬೇಡವೇ ಬೇಡ.

ಕಷ್ಟ ಎಲ್ಲಿದೆ ಅಂದರೆ, ಇವರು ಒಪ್ಪುವುದಿಲ್ಲ. "ರಾತ್ರಿ ಸರಿಯಾಗಿ ಮಲಗಿಲ್ಲ, ಅದಕ್ಕೆ ಭುಜ ಹಿಡ್ಕೊಂಡಿದೆ" ಅನ್ನುತ್ತಾರೆ. ಆಮ್ಲಜನಕ ಕೊಟ್ಟ ಮೇಲೆ ಹಾಯಾಯಿತು ಅಂತ ಎದ್ದು ಹೋಗಲು ನೋಡುತ್ತಾರೆ. ನೋವು ಇಳಿದರೂ ಡಾಕ್ಟರ್ ನೋಡಲೇಬೇಕು, ಒಳಗಿನ ಗಾಳಿಯ ಒತ್ತಡ ಏರಿಸುವ ಪ್ರೆಷರ್ ಚೇಂಬರ್‌ನಲ್ಲಿ ಚಿಕಿತ್ಸೆ ಬೇಕಾಗಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡಾನ್, ಇಂಥ ಹೊತ್ತಿನಲ್ಲಿ ಡೈವಿಂಗ್ ಗೊತ್ತಿರುವ ವೈದ್ಯಕೀಯ ಸಲಹೆ ಕೊಡುತ್ತದೆ. ನೀವು ಡೈವ್ ಮಾಡುವ ಪ್ರದೇಶದ ಅದರ ಸಂಖ್ಯೆ ಮತ್ತು ಹತ್ತಿರದ ಚೇಂಬರ್‌ನ ಸಂಖ್ಯೆ ಫೋನಿನಲ್ಲಿರಲಿ. ಆಳ, ಸಮಯ ದಾಖಲಾಗಿರುವ ಅವರ ಡೈವ್ ಕಂಪ್ಯೂಟರನ್ನೂ ಅವರ ಜೊತೆಗೇ ಕಳಿಸಿ.

ಹೇಳದೆ ಬರುವ ಪರೀಕ್ಷೆ

ಕೊನೆಗೆ ಸನ್ನಿವೇಶ. ಊಟಕ್ಕೆ ಕೂತಾಗಲೋ ಸಾಮಾನು ಜೋಡಿಸುವಾಗಲೋ ಯಾರೋ ಕಿರುಚುತ್ತಾರೆ. ಒಬ್ಬರು ಮುಳುಗಿದ್ದಾರೆ, ಅವರ ಜೊತೆಗಾರರು ಅಳುತ್ತಾ ಅಡ್ಡ ಬರುತ್ತಿದ್ದಾರೆ, ಆಮ್ಲಜನಕದ ಪೆಟ್ಟಿಗೆ ಯಾರೋ ಬೇರೆ ಕಡೆ ಇಟ್ಟಿದ್ದಾರೆ. ಒಂದೊಂದಾಗಿ ಚೆನ್ನಾಗಿ ಬರುತ್ತಿದ್ದ ಕೆಲಸಗಳೆಲ್ಲ ಇಲ್ಲಿ ಕಲಸಿಹೋಗುತ್ತವೆ. ಎಲ್ಲವನ್ನೂ ಒಬ್ಬರೇ ಮಾಡಲು ಹೋಗುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. "ಯಾರಾದರೂ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ಬೆರಳು ತೋರಿಸಿ "ನೀಲಿ ಅಂಗಿಯವರೇ, ನೀವು ಫೋನ್ ಮಾಡಿ, ಮಾಡಿ ಆದಮೇಲೆ ನನಗೆ ಹೇಳಿ" ಅನ್ನಬೇಕು. ಸಂಕೋಚದವರಿಗೆ ಇದು ಎಳೆಯುವುದಕ್ಕಿಂತ ಕಷ್ಟ.

ಏನು ಸಿಗುತ್ತದೆ ಹಾಗಾದರೆ?

ಕಾರ್ಡ್ ಸಿಗುತ್ತದೆ, ಮುಂದೆ ಡೈವ್ ಮಾಸ್ಟರ್ (ವೃತ್ತಿಪರ ಡೈವ್ ಮಾರ್ಗದರ್ಶಿ) ಆಗಬೇಕೆಂದರೆ ಅದು ಬೇಕೇ ಬೇಕು. ಆದರೆ ದಿನಾ ಉಪಯೋಗಕ್ಕೆ ಬರುವುದು ಬೇರೆ. ಮುಂದಿನ ಡೈವ್‌ಗೆ ಹೋದಾಗ ದೋಣಿಯಲ್ಲಿ ಮಾಸ್ಕ್ ಪಟ್ಟಿಯನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುವವರು ಕಣ್ಣಿಗೆ ಬೀಳುತ್ತಾರೆ. ಯಾವಾಗಲೂ ಮಾತಾಡುವವರು ಸುಮ್ಮನಾಗಿರುತ್ತಾರೆ, ಯಾವಾಗಲೂ ಸುಮ್ಮನಿರುವವರು ಅತಿಯಾಗಿ ತಮಾಷೆ ಮಾಡುತ್ತಿರುತ್ತಾರೆ, ಇನ್ನೊಬ್ಬರು ಮೂರನೇ ಸಲ ಶೌಚಾಲಯಕ್ಕೆ ಹೊರಟಿರುತ್ತಾರೆ. ಮೊದಲೂ ಇವರೆಲ್ಲ ಇದ್ದರು, ನಿಮಗೆ ಕಂಡಿರಲಿಲ್ಲ. ಪಕ್ಕಕ್ಕೆ ಹೋಗಿ ಕೂತು, "ಇವತ್ತು ಬೇಡ ಅನ್ನಿಸಿದರೆ ಬಿಡೋಣ, ನಾನೂ ನಿಮ್ಮ ಜೊತೆ ಇಲ್ಲೇ ಇರ್ತೀನಿ" ಅಂದರೆ ಎಷ್ಟೋ ತೊಂದರೆ ನೀರಿಗೆ ಇಳಿಯುವುದೇ ಇಲ್ಲ. ಮೊಣಕಾಲಲ್ಲಿ ಸಿಲಿಂಡರ್ ಸಿಕ್ಕಿಸಿಕೊಳ್ಳುವ ಸಂದರ್ಭ ಜೀವನಪೂರ್ತಿ ಬರದೇ ಇರಬಹುದು. ಈ ಮಾತಾಡುವ ಸಂದರ್ಭ ಮಾತ್ರ ಪದೇ ಪದೇ ಬರುತ್ತದೆ.

ಕೋರ್ಸ್ ಮುಗಿದ ಮೇಲೆ ಕಲಿತದ್ದು ಬೇಗ ಮರೆಯುತ್ತದೆ, ಅದರಲ್ಲೂ ಆ ಊದು-ಬಕಲ್ ಲಯ. ಡೈವ್ ಮುಗಿಸಿ ದಂಡೆಗೆ ಮರಳುವಾಗ ಜೊತೆಗಾರರನ್ನು ಒಪ್ಪಿಸಿ, ಕೊನೆಯ ಸ್ವಲ್ಪ ದೂರ ಅವರನ್ನು ಎಳೆದು ತನ್ನಿ, ಮುಂದಿನ ಸಲ ಅವರು ನಿಮ್ಮನ್ನು ಎಳೆಯಲಿ. ಸಿಪಿಆರ್ ತರಬೇತಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿ. ದೋಣಿ ಹತ್ತಿದ ಕೂಡಲೇ ಆಮ್ಲಜನಕದ ಪೆಟ್ಟಿಗೆ ಎಲ್ಲಿದೆ ಅಂತ ಕೇಳಿ, ತೆಗೆಸಿ, ಸಿಲಿಂಡರ್ ತುಂಬಿದೆಯಾ ಅಂತ ಗೇಜ್ ನೋಡಿ.